ನೆಲಕ್ಕಿಳಿದ ಮೇಲೆ ಎಂಥ ಹೆದರಿಕೆ ಮಾರಾಯ್ರೆ?

ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ವಿಮಾನದ ಚಕ್ರ ನೆಲಕ್ಕೆ ತಾಗಿ ಒಂದು ನಿಮಿಷ ಆಗಿರುವುದಿಲ್ಲ, ಒಳಗೆ ಟಕ್ ಟಕ್ ಎಂದು ಬೆಲ್ಟ್ ಬಿಚ್ಚುವ ಸದ್ದು ಶುರುವಾಗುತ್ತದೆ. ಗಲ್ಫ್‌ನಿಂದ ಬಂದ ವಿಮಾನವಾದರೆ ಕೇಳುವುದೇ ಬೇಡ. ಎರಡು ವರ್ಷ ಊರಿನ ಮಳೆ ಕಾಣದವರು. ಹೊರಗೆ ಕಾಪುವಿನಿಂದ ಕಾರು ಮಾಡಿಕೊಂಡು ಬಂದ ಭಾವ, ಕಾರ್ಕಳದಿಂದ ಬೆಳಗಿನ ಜಾವವೇ ಹೊರಟ ತಂದೆ, ಅಪ್ಪನ ಮುಖವನ್ನು ಫೋನಿನಲ್ಲಷ್ಟೇ ಕಂಡ ಮಗು ಕಾಯುತ್ತಿರುತ್ತಾರೆ. ಆ ಅವಸರ ನನಗೂ ಅರ್ಥವಾಗುತ್ತದೆ. ಗಗನಸಖಿ ಮೈಕಿನಲ್ಲಿ ‘ದಯವಿಟ್ಟು ಕುಳಿತುಕೊಳ್ಳಿ’ ಎಂದು ಮೂರು ಸಲ ಹೇಳಿದರೂ ಯಾರೂ ಕುಳಿತುಕೊಳ್ಳುವುದಿಲ್ಲ. ಒಮ್ಮೆ ನನ್ನ ಪಕ್ಕದ ಹಿರಿಯರು ಚಲಿಸುತ್ತಿದ್ದ ವಿಮಾನದಲ್ಲೇ ಎದ್ದು ನಿಂತು, ತಲೆಯ ಮೇಲಿನ ಬಾಗಿಲು ತೆರೆದು ಬ್ಯಾಗು ಎಳೆಯುತ್ತ, ಕೂತೇ ಇದ್ದ ನನ್ನನ್ನು ನೋಡಿ ನಕ್ಕರು: ‘ನೆಲಕ್ಕಿಳಿದ ಮೇಲೆ ಎಂಥ ಹೆದರಿಕೆ ಮಾರಾಯ್ರೆ? ಇನ್ನು ಇದು ಬಸ್ಸೇ ಅಲ್ವಾ?’

ಅದು ಅವರೊಬ್ಬರ ಮಾತಲ್ಲ. ನಮ್ಮ ಕರಾವಳಿಯ ಸರ್ವಸಮ್ಮತ ಅಭಿಪ್ರಾಯ. ವಿಮಾನ ಅಪಾಯಕಾರಿ ಆಗುವುದು ಆಕಾಶದಲ್ಲಿ. ಇಳಿದ ಮೇಲೆ ಅದು ರೆಕ್ಕೆ ಇರುವ ಬಸ್ಸು. ಉಡುಪಿ ಜಿಲ್ಲೆಗೊಂದು ಏರ್‌ಸ್ಟ್ರಿಪ್ ಬೇಕು ಎಂದು ವರ್ಷಕ್ಕೊಮ್ಮೆ ಏಳುವ ಬೇಡಿಕೆಯ ತಳದಲ್ಲಿರುವುದೂ ಇದೇ ನಂಬಿಕೆ. ಯಾವುದಾದರೊಂದು ಪದವು ಹುಡುಕಿ, ಮುರಕಲ್ಲು ಕಡಿದು ಮಟ್ಟಸ ಮಾಡಿ, ಡಾಮರು ಹಾಕಿದರೆ ಆಯಿತು, ಸಣ್ಣ ವಿಮಾನ ತಾನೆ, ಸಣ್ಣ ಜಾಗ ಸಾಕು ಎಂಬ ಮಾತನ್ನು ಮಣಿಪಾಲದ ಕಾಫಿ ಮೇಜುಗಳಲ್ಲೂ ಕೇಳಿದ್ದೇನೆ, ಕಲಿತವರ ಬಾಯಲ್ಲೇ. ಈ ಎರಡು ಮಾತೂ ತಪ್ಪು. ಎರಡೂ ಒಂದೇ ತಪ್ಪು.

ನಮಗೆ ಈ ತಪ್ಪನ್ನು ಕಲಿಸಿದ್ದು ನಮ್ಮದೇ ದುಃಖ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಜನರಲ್ಲಿ 158 ಮಂದಿ ಸತ್ತರು, ಉಳಿದವರು 8. ಅವಿಭಜಿತ ದಕ್ಷಿಣ ಕನ್ನಡದಲ್ಲಿ, ಕಾಸರಗೋಡಿನಲ್ಲಿ ಆ ದಿನ ಸಾವಿನ ಮನೆ ಇಲ್ಲದ ಊರು ಹುಡುಕಬೇಕಿತ್ತು. ಅಂದಿನಿಂದ ನಮ್ಮ ಬಾಯಿಗೆ ಒಂದು ಶಬ್ದ ಅಂಟಿಕೊಂಡಿತು: ಟೇಬಲ್‌ಟಾಪ್, ಅಂದರೆ ಗುಡ್ಡದ ನೆತ್ತಿಯ ಮೇಲಿನ, ಅಂಚಿಗೆ ಕಣಿವೆಯಿರುವ ರನ್‌ವೇ. 2020ರ ಆಗಸ್ಟ್ 7ರಂದು ಕೋಝಿಕ್ಕೋಡಿನಲ್ಲಿ ಅಂಥದೇ ಗುಡ್ಡದ ಮೇಲೆ ಅಂಥದೇ ಅವಘಡದಲ್ಲಿ 21 ಜನ ಹೋದಾಗ ಅದು ಇನ್ನೂ ಗಟ್ಟಿಯಾಯಿತು. ವಿಮಾನ ಸುರಕ್ಷತೆ ಎಂದರೆ ರನ್‌ವೇ ಉದ್ದ ಎಂದು ನಾವು ತೀರ್ಮಾನಿಸಿಬಿಟ್ಟೆವು. ಬಜ್ಪೆಯ 2,450 ಮೀಟರ್ ಸಾಕೋ ಸಾಲದೋ, ಪಕ್ಕದ ಕೆಂಜಾರಿನ ಕಡೆ ಎಷ್ಟು ಎಕರೆ ಸಿಗುತ್ತದೆ ಎಂಬುದರ ಸುತ್ತಲೇ ನಮ್ಮ ಸಂಪಾದಕೀಯಗಳು ಹದಿನೈದು ವರ್ಷ ಗಿರಕಿ ಹೊಡೆದಿವೆ. ಉದ್ದ ಮುಖ್ಯವಲ್ಲ ಎನ್ನುತ್ತಿಲ್ಲ. ಆದರೆ ಮನೆಯ ಸುರಕ್ಷತೆ ಎಂದರೆ ಅಂಗಳದ ಉದ್ದ ಎಂದಷ್ಟೇ ತಿಳಿದವನಿಗೆ ಏನು ಹೇಳುವುದು?

ವಿಮಾನಯಾನದ ಇತಿಹಾಸದಲ್ಲೇ ಅತಿ ಹೆಚ್ಚು ಜೀವ ತೆಗೆದ ಅಪಘಾತ ಯಾವುದು ಎಂದು ಕೇಳಿದರೆ ಹೆಚ್ಚಿನವರು ಯಾವುದೋ ಬೆಟ್ಟ, ಯಾವುದೋ ಸಮುದ್ರ ನೆನಪಿಸಿಕೊಳ್ಳುತ್ತಾರೆ. ಅದು ನಡೆದದ್ದು ನೆಲದ ಮೇಲೆ. 1977ರ ಮಾರ್ಚ್ 27, ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ಲೋಸ್ ರೋಡಿಯೋಸ್ ನಿಲ್ದಾಣ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದದ್ದರಿಂದ ದೊಡ್ಡ ದೊಡ್ಡ ವಿಮಾನಗಳೆಲ್ಲ ಈ ಪುಟ್ಟ ನಿಲ್ದಾಣಕ್ಕೆ ಬಂದು ತುಂಬಿದ್ದವು. ನಿಲುಗಡೆಯಿಂದ ರನ್‌ವೇಗೆ ಹೋಗುವ ದಾರಿಯಾದ ಟ್ಯಾಕ್ಸಿವೇ ಮೇಲೆಲ್ಲ ನಿಂತ ವಿಮಾನಗಳು. ಹಾಗಾಗಿ ಹೊರಡಬೇಕಾದವು ರನ್‌ವೇ ಮೇಲೇ ನಡೆದು ಅದರ ಕೊನೆಗೆ ಹೋಗಬೇಕಾಯಿತು. ಮಂಜು ಮುಸುಕಿತು. ಕೆಎಲ್‌ಎಂನ ಬೋಯಿಂಗ್ 747 ಒಂದು ತುದಿಯಲ್ಲಿ ತಿರುಗಿ ನಿಂತಿದೆ. ಪ್ಯಾನ್ ಆಮ್‌ನ ಇನ್ನೊಂದು 747 ಅದೇ ರನ್‌ವೇ ಮೇಲೆ ಎದುರಿನಿಂದ ಬರುತ್ತಿದೆ, ತಿರುಗಬೇಕಾದ ಅಡ್ಡದಾರಿ ಹುಡುಕುತ್ತ. ಕೆಎಲ್‌ಎಂ ಕ್ಯಾಪ್ಟನ್‌ಗೆ ಕೆಲಸದ ಅವಧಿ ಮೀರುತ್ತದೆಂಬ ಚಿಂತೆ. ‘ನಾವಿನ್ನೂ ರನ್‌ವೇ ಮೇಲೇ ಇದ್ದೇವೆ’ ಎಂದು ಪ್ಯಾನ್ ಆಮ್ ರೇಡಿಯೋದಲ್ಲಿ ಹೇಳಿದ ಕ್ಷಣದಲ್ಲೇ ಟವರ್ ಕೂಡ ಮಾತಾಡಿತು. ಎರಡು ದನಿ ಒಂದರ ಮೇಲೊಂದು ಬಿದ್ದು ಕೀಚಲು ಶಬ್ದವಷ್ಟೇ ಕೇಳಿತು. 583 ಜನ ಸತ್ತರು. ಬಜ್ಪೆಯ ದುರಂತದ ಮೂರೂವರೆ ಪಟ್ಟಿಗಿಂತ ಹೆಚ್ಚು. ಅಲ್ಲಿ ಎಂಜಿನ್ ಕೆಡಲಿಲ್ಲ, ರೆಕ್ಕೆ ಮುರಿಯಲಿಲ್ಲ, ರನ್‌ವೇ ಉದ್ದ ಸಾಲದೆಯೂ ಹೋಗಲಿಲ್ಲ. ಬಸ್ಸಿನ ಹಾಗೆ ನಡೆಯುತ್ತಿದ್ದ ವಿಮಾನ ಇರಬಾರದ ಜಾಗದಲ್ಲಿತ್ತು, ಅಷ್ಟೆ.

ಇದನ್ನು ನಾನು ದೂರದ ಕಥೆಯಾಗಿ ಹೇಳುತ್ತಿಲ್ಲ. ಬಜ್ಪೆಯಲ್ಲೂ ಬಹಳ ಕಾಲ ಇಳಿದ ವಿಮಾನ ರನ್‌ವೇ ತುದಿಯಲ್ಲಿ ಸುತ್ತು ಹೊಡೆದು, ಬಂದ ದಾರಿಯಲ್ಲೇ ಮರಳಿ ನಿಲುಗಡೆಗೆ ಬರಬೇಕಿತ್ತು. ಪೈಲಟ್‌ಗಳು ಇದನ್ನು ಬ್ಯಾಕ್‌ಟ್ರ್ಯಾಕ್ ಎನ್ನುತ್ತಾರೆ. ಅಷ್ಟು ಹೊತ್ತೂ ಆ ರನ್‌ವೇ ಇನ್ನೊಬ್ಬರಿಗೆ ನಿಷಿದ್ಧ. ಪಕ್ಕದಲ್ಲೇ ಸಮಾನಾಂತರ ಟ್ಯಾಕ್ಸಿವೇ ಇದ್ದರೆ ಇಳಿದ ವಿಮಾನ ಬೇಗ ಬದಿಗೆ ಸರಿದುಬಿಡುತ್ತದೆ. ರನ್‌ವೇ ಉದ್ದಕ್ಕಾಗಿ ಮೆರವಣಿಗೆ ಹೊರಟ ನಮ್ಮಲ್ಲಿ ಒಬ್ಬರಾದರೂ ‘ಪೂರ್ತಿ ಟ್ಯಾಕ್ಸಿವೇ ಕೊಡಿ’ ಎಂಬ ಫಲಕ ಹಿಡಿದದ್ದನ್ನು ನಾನು ಕಾಣೆ.

ಬಜ್ಪೆಯಲ್ಲಿ ಎರಡು ವಿಮಾನ ಡಿಕ್ಕಿಯಾದದ್ದಿಲ್ಲ, ನಿಜ. ಆದರೆ ನೆಲದ ಮೇಲಿನ ಪಾಠ ನಮಗೆ ಹೊಸತೂ ಅಲ್ಲ. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನ ಮಳೆಯಲ್ಲಿ ತೊಯ್ದ ಹಳೆಯ ರನ್‌ವೇ ಮೀರಿ ಅಂಚಿನಲ್ಲಿ ನಿಂತಿತು. ಕಾರ್ಕಳದ ಶಾಸಕರೂ ಆಗಿನ ಸಚಿವರೂ ಆಗಿದ್ದ ವೀರಪ್ಪ ಮೊಯಿಲಿ ಅದರಲ್ಲಿದ್ದರು, ಯಾರೂ ಸಾಯಲಿಲ್ಲ. 2019ರ ಜೂನ್ 30ರ ಸಂಜೆ ದುಬೈಯಿಂದ ಬಂದ ವಿಮಾನ ಸರಿಯಾಗಿಯೇ ಇಳಿಯಿತು. ಆಮೇಲೆ, ನಮ್ಮ ಹಿರಿಯರ ಲೆಕ್ಕದಲ್ಲಿ ಅದು ಬಸ್ಸಾದ ಮೇಲೆ, ಟ್ಯಾಕ್ಸಿವೇ ಬಿಟ್ಟು ಹುಲ್ಲಿಗೆ ಜಾರಿ ಚಕ್ರ ಹೂತು ನಿಂತಿತು. ಒಳಗಿದ್ದ 180ಕ್ಕೂ ಹೆಚ್ಚು ಮಂದಿ ಕ್ಷೇಮವಾಗಿ ಇಳಿದರು. ಆ ಗಳಿಗೆಯಲ್ಲಿ ಎದ್ದು ನಿಂತು ತಲೆಯ ಮೇಲಿನಿಂದ ಹತ್ತು ಕಿಲೋ ಖರ್ಜೂರ, ಟ್ಯಾಂಗ್ ಡಬ್ಬಿ ತುಂಬಿದ ಬ್ಯಾಗು ಎಳೆಯುತ್ತಿದ್ದವರ ಗತಿ ಏನಾಗಬಹುದಿತ್ತು ಎಂದು ನೀವೇ ಊಹಿಸಿ.

ಹಾಗಾದರೆ ರನ್‌ವೇ ಎಂದರೇನು? ನಮ್ಮ ಜನಕ್ಕೆ ಇದನ್ನು ವಿವರಿಸಲು ಪಠ್ಯಪುಸ್ತಕ ಬೇಡ. ಮಣಿಪಾಲದಿಂದ ಬಜ್ಪೆಗೆ ದಾನಿಯ ಅಂಗಾಂಗ ಹೊತ್ತ ಆಂಬುಲೆನ್ಸ್ ಓಡುವ ದಿನ ನೆನಪಿಸಿಕೊಳ್ಳಿ. ದಾರಿಯುದ್ದಕ್ಕೂ ಪೊಲೀಸರು. ಅಡ್ಡರಸ್ತೆಗಳೆಲ್ಲ ಬಂದ್. ಮೀನಿನ ಲಾರಿಯೂ ನಿಲ್ಲುತ್ತದೆ, ಶಾಸಕರ ಕಾರೂ ನಿಲ್ಲುತ್ತದೆ. ಆ ಹೊತ್ತಿಗೆ ಆ ದಾರಿ ಒಂದೇ ಒಂದು ವಾಹನದ್ದು. ರನ್‌ವೇ ಅಂದರೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಜಾರಿಯಲ್ಲಿರುವ ಗ್ರೀನ್ ಕಾರಿಡಾರ್. ಒಮ್ಮೆಗೆ ಒಬ್ಬರೇ. ಅನುಮತಿ ಇಲ್ಲದೆ ಅದರೊಳಗೆ ಬಂದದ್ದು ವಿಮಾನವಾಗಲಿ, ಜೀಪಾಗಲಿ, ಹುಲ್ಲು ಕತ್ತರಿಸುವ ಆಳಾಗಲಿ, ಅದು ರನ್‌ವೇ ಅತಿಕ್ರಮಣ. ದನ ಬಂದರೂ ಅಪಾಯ ಅಷ್ಟೇ. ದನದ ಮಾತು ತಮಾಷೆಗೆ ಹೇಳಿದ್ದಲ್ಲ: 2014ರ ನವೆಂಬರ್ 6ರಂದು ಸೂರತ್‌ನಲ್ಲಿ ಏರಲು ಓಡುತ್ತಿದ್ದ ಸ್ಪೈಸ್‌ಜೆಟ್ ವಿಮಾನ ಎಮ್ಮೆಗೆ ಡಿಕ್ಕಿ ಹೊಡೆಯಿತು.

ಈ ಕಾರಿಡಾರಿನ ಬಾಗಿಲು ಕಾಯುವುದು ನಾಲ್ಕು ಹಳದಿ ಗೆರೆ. ರನ್‌ವೇಗೆ ಸೇರುವ ಪ್ರತಿ ಟ್ಯಾಕ್ಸಿವೇಗೂ ಅಡ್ಡಲಾಗಿ ಅವನ್ನು ಎಳೆದಿರುತ್ತಾರೆ: ಎರಡು ಉದ್ದಕ್ಕೆ ಇಡಿಯಾಗಿ, ಎರಡು ತುಂಡು ತುಂಡಾಗಿ. ಇಡೀ ಗೆರೆ ನಿಮ್ಮ ಬದಿಗಿದ್ದರೆ ಅಪ್ಪಣೆ ಇಲ್ಲದೆ ಮೂಗು ಕೂಡ ದಾಟಬಾರದು. ತುಂಡು ಗೆರೆ ನಿಮ್ಮ ಬದಿಗಿದ್ದರೆ ನೀವು ರನ್‌ವೇಯಿಂದ ಹೊರಬರುತ್ತಿದ್ದೀರಿ, ದಾಟಿ ಬನ್ನಿ. ಪಕ್ಕದಲ್ಲಿ ಕೆಂಪು ಹಲಗೆಯ ಮೇಲೆ ಬಿಳಿಯ ಅಂಕಿ. ರಾತ್ರಿಯಾದರೆ ಟ್ಯಾಕ್ಸಿವೇ ಅಂಚಿಗೆ ನೀಲಿ ದೀಪ, ರನ್‌ವೇ ಅಂಚಿಗೆ ಬಿಳಿ ದೀಪ. ಟವರ್ ‘ಗೆರೆಯ ಈಚೆ ನಿಲ್ಲಿ’ ಎಂದರೆ ಪೈಲಟ್ ‘ಆಯ್ತು’ ಎಂದರೆ ಸಾಲದು. ಅದೇ ಮಾತನ್ನು, ರನ್‌ವೇಯ ಅಂಕಿ ಸಮೇತ, ತಿರುಗಿ ಒಪ್ಪಿಸಬೇಕು. ಟೆನೆರಿಫ್ ಆದ ಮೇಲೆ ‘ಟೇಕಾಫ್’ ಎಂಬ ಶಬ್ದವನ್ನೇ ಲಾಕರಿನಲ್ಲಿಟ್ಟರು. ನಿಜವಾಗಿ ಏರಲು ಅಪ್ಪಣೆ ಕೊಡುವಾಗ, ಕೊಟ್ಟ ಅಪ್ಪಣೆ ರದ್ದು ಮಾಡುವಾಗ ಮಾತ್ರ ಅದು ಹೊರಬರುತ್ತದೆ. ಬೇರೆಲ್ಲ ಹೊತ್ತು ‘ಡಿಪಾರ್ಚರ್’. ಒಂದು ಶಬ್ದದ ಬೆಲೆ ಇಷ್ಟಿರುವ ಜಾಗವನ್ನು ಬಸ್ ಸ್ಟ್ಯಾಂಡಿಗೆ ಹೋಲಿಸುತ್ತೀರಾ?

ಈಗ ‘ಸಣ್ಣ ವಿಮಾನ ತಾನೆ’ ಎನ್ನುವವರ ಕಡೆ ಬರುತ್ತೇನೆ. ಇವರೊಮ್ಮೆ ಸೆಸ್ನಾ 172ರ ಪಕ್ಕ ನಿಂತು ನೋಡಬೇಕು. ನಾಲ್ಕು ಸೀಟು. ರೆಕ್ಕೆಯ ತುದಿಯಿಂದ ತುದಿಗೆ 11 ಮೀಟರ್. ಎಲ್ಲ ತುಂಬಿದರೂ ತೂಕ 1,100 ಕಿಲೋ ಚಿಲ್ಲರೆ, ಅಂದರೆ ಖಾಲಿ ಇನ್ನೋವಾಕ್ಕಿಂತ ಹಗುರ. ಹಗುರವಾದ, ಅಗಲವಾದ, ಗಾಳಿ ಸಿಕ್ಕಿದರೆ ಏಳಲೆಂದೇ ಮಾಡಿದ ವಸ್ತು. ನಮ್ಮ ಆಟಿ ತಿಂಗಳ ಪಡುಗಾಳಿಗೆ ತೆಂಗಿನ ಮಡಲು ಹಾರುವುದನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ನೆಲದ ಮೇಲೆ ನಡೆಸುವಾಗಲೂ ಅದರ ಪೈಲಟ್ ಗಾಳಿ ಎತ್ತಲಿಂದ ಎಂದು ನೋಡಿ ರೆಕ್ಕೆಯ ಪಟ್ಟಿಗಳನ್ನು ಅದಕ್ಕೆ ತಕ್ಕಂತೆ ತಿರುಗಿಸಿ ಹಿಡಿದಿರಬೇಕು. ಮೈಮರೆತರೆ ಹಿಂದಿನ ಗಾಳಿ ಬಾಲ ಎತ್ತಿ ಮಗುಚಿಬಿಡುತ್ತದೆ. ದೊಡ್ಡ ಜೆಟ್‌ನ ಹಿಂದೆ ಹತ್ತಿರ ಹೋದರೆ ಅದರ ಎಂಜಿನ್ನಿನ ರಭಸವೇ ಸಾಕು. ಬಾಲದಲ್ಲಿ ಚಕ್ರವಿರುವ ಹಳೆಯ ಮಾದರಿಗಳಲ್ಲಿ ಮೂಗು ಆಕಾಶ ನೋಡುತ್ತಿರುತ್ತದೆ, ಎದುರಿನ ದಾರಿಯೇ ಕಾಣುವುದಿಲ್ಲ; ಹಾವಿನ ಹಾಗೆ ಆಚೆ ಈಚೆ ತಿರುಗಿಸುತ್ತ ಇಣುಕಿ ನೋಡಿ ಸಾಗಬೇಕು. ಇನ್ನು ತಿರುಗುವ ಪ್ರೊಪೆಲ್ಲರ್ ಕಣ್ಣಿಗೇ ಕಾಣದು. ಆದಿ ಉಡುಪಿಯ ಹೆಲಿಪ್ಯಾಡಿಗೆ ಹೆಲಿಕಾಪ್ಟರ್ ಬಂದರೆ ಮಕ್ಕಳು ಮರಿ ಸಮೇತ ಜಾತ್ರೆಗೆ ಸೇರಿದಂತೆ ಸೇರುವ ನಮಗೆ, ಬೇಲಿ ಇಲ್ಲದ ಏರ್‌ಸ್ಟ್ರಿಪ್‌ನಲ್ಲಿ ಇದರ ಅರ್ಥ ಏನೆಂದು ಯಾರಾದರೂ ಯೋಚಿಸಿದ್ದಾರೆಯೇ?

ಸಣ್ಣದಕ್ಕೆ ಇನ್ನೊಂದು ಶಾಪ: ಅದು ಬೇರೆಯವರ ಕಣ್ಣಿಗೂ ಬೀಳುವುದಿಲ್ಲ. 1991ರ ಫೆಬ್ರವರಿ 1ರ ರಾತ್ರಿ ಲಾಸ್ ಏಂಜಲೀಸ್‌ನಲ್ಲಿ 12 ಜನರಿದ್ದ ಸಣ್ಣ ವಿಮಾನವೊಂದನ್ನು ರನ್‌ವೇ ಮೇಲೆ ನಿಂತು ಕಾಯಲು ಹೇಳಿದ ಕಂಟ್ರೋಲರ್ ಅದನ್ನು ಮರೆತೇಬಿಟ್ಟರು. ಅದೇ ರನ್‌ವೇಗೆ ಬೋಯಿಂಗ್ 737ಕ್ಕೆ ಇಳಿಯಲು ಒಪ್ಪಿಗೆ ಕೊಟ್ಟರು. ರನ್‌ವೇ ದೀಪಗಳ ಸಾಲಿನಲ್ಲಿ ಆ ಪುಟ್ಟ ವಿಮಾನದ ದೀಪ ಇನ್ನೊಂದು ದೀಪವಾಗಿ ಕರಗಿಹೋಗಿತ್ತು. 35 ಸಾವು. 2001ರ ಅಕ್ಟೋಬರ್ 8ರಂದು ಇಟಲಿಯ ಮಿಲಾನ್ ನಗರದ ಲಿನಾಟೆ ನಿಲ್ದಾಣದಲ್ಲಿ ನಾಲ್ಕೇ ಜನರಿದ್ದ ಸೆಸ್ನಾ ಜೆಟ್ ಒಂದು ಮಂಜಿನಲ್ಲಿ ತಪ್ಪು ಟ್ಯಾಕ್ಸಿವೇ ಹಿಡಿದು, ಏರುತ್ತಿದ್ದ ದೊಡ್ಡ ವಿಮಾನದ ಎದುರಿಗೆ ಬಂತು. 118 ಜನ ಸತ್ತರು. ಆ ನಿಲ್ದಾಣದಲ್ಲಿ ನೆಲದ ಮೇಲಿನ ವಿಮಾನ ತೋರಿಸುವ ಹಳೆಯ ರೇಡಾರ್ ತೆಗೆದಾಗಿತ್ತು, ಹೊಸದು ಕೆಲಸ ಶುರುಮಾಡಿರಲಿಲ್ಲ. ನೆಲದ ಗುರುತುಗಳು ಅರೆಬರೆ. ಸೆಸ್ನಾದ ಪೈಲಟ್ ತಾನಿರುವ ಜಾಗದ ಗುರುತನ್ನು ಓದಿ ಹೇಳಿದರೆ, ಆ ಹೆಸರಿನ ಗುರುತು ಇದೆ ಎಂಬುದೇ ಟವರಿನಲ್ಲಿದ್ದವರಿಗೆ ಗೊತ್ತಿರಲಿಲ್ಲ.

‘ಅದೆಲ್ಲ ದೊಡ್ಡ ನಿಲ್ದಾಣ, ಮಂಜು, ದಟ್ಟಣೆ. ನಮ್ಮಲ್ಲಿ ದಿನಕ್ಕೆ ನಾಲ್ಕು ವಿಮಾನ ಬಂದರೆ ಹೆಚ್ಚು’ ಎನ್ನುತ್ತಾರೆ. ಈ ವಾದಕ್ಕೆ ಉತ್ತರ ಅಮೆರಿಕದ ಇಲಿನಾಯ್ ರಾಜ್ಯದ ಕ್ವಿನ್ಸಿ ಎಂಬ ಊರಿನಲ್ಲಿದೆ. ಟವರ್ ಇಲ್ಲದ ಸಣ್ಣ ನಿಲ್ದಾಣ. ಅಲ್ಲಿ ಪೈಲಟ್‌ಗಳೇ ಒಬ್ಬರಿಗೊಬ್ಬರು ರೇಡಿಯೋದಲ್ಲಿ ಹೇಳಿಕೊಂಡು ಹೊಂದಿಸಿಕೊಳ್ಳುತ್ತಾರೆ. 1996ರ ನವೆಂಬರ್ 19ರ ಸಂಜೆ ಅಲ್ಲಿದ್ದದ್ದು ಮೂರೇ ವಿಮಾನ: ಇಳಿಯಲು ಬರುತ್ತಿದ್ದ 12 ಜನರ ಬೀಚ್ 1900, ಅಡ್ಡ ರನ್‌ವೇಯಲ್ಲಿ ಏರಲು ನಿಂತ ಕಿಂಗ್ ಏರ್, ಅದರ ಹಿಂದೆ ಸರದಿ ಕಾಯುತ್ತಿದ್ದ ಒಂದು ಪುಟ್ಟ ಚೆರೋಕಿ. ‘ಕಿಂಗ್ ಏರ್, ನೀವು ನಮಗಾಗಿ ನಿಲ್ಲುತ್ತೀರಾ?’ ಎಂದು ಇಳಿಯುವವರು ಕೇಳಿದರು. ಉತ್ತರಿಸಿದ್ದು ಕಿಂಗ್ ಏರ್ ಅಲ್ಲ, ಹಿಂದಿದ್ದ ಚೆರೋಕಿ. ಆ ಉತ್ತರದ ಒಂದು ಭಾಗ ಕಾಕ್‌ಪಿಟ್‌ನ ಎಚ್ಚರಿಕೆ ದನಿಯಲ್ಲಿ ಮುಳುಗಿತು. ಕಿಂಗ್ ಏರ್‌ನವರೇ ಒಪ್ಪಿದರೆಂದು ತಿಳಿದು ಇವರು ಇಳಿದರು. ಏನೂ ಕೇಳದ ಕಿಂಗ್ ಏರ್ ಓಟ ಶುರುಮಾಡಿತು. ಎರಡೂ ರನ್‌ವೇ ಕೂಡುವಲ್ಲಿ ಡಿಕ್ಕಿ. ಬೀಚ್ 1900ರಲ್ಲಿದ್ದವರು ಡಿಕ್ಕಿಯಿಂದ ಸಾಯಲಿಲ್ಲ. ಬಾಗಿಲು ತೆರೆಯಲಿಲ್ಲ. ನಿಲ್ದಾಣದಲ್ಲಿ ಸಜ್ಜಾಗಿ ನಿಂತ ಅಗ್ನಿಶಾಮಕ ದಳ ಇರಲಿಲ್ಲ. ಓಡಿಬಂದವರು ಹೊರಗಿನಿಂದ ಎಳೆದರೂ ಬಾಗಿಲು ಬರಲಿಲ್ಲ. ಎರಡೂ ವಿಮಾನದ ಎಲ್ಲ 14 ಜನ ಹೋದರು. ಮೂರು ವಿಮಾನ, ಅಷ್ಟೇ ದಟ್ಟಣೆ.

ನಮ್ಮ ಕನಸಿನ ಏರ್‌ಸ್ಟ್ರಿಪ್ ಇದೇ ಅಲ್ಲವೇ? ಟವರ್ ಇಲ್ಲ, ಬೆಂಕಿ ನಂದಿಸುವ ಗಾಡಿ ಇಲ್ಲ, ಕಾಂಪೌಂಡಿಗೆ ದುಡ್ಡು ಮುಂದಿನ ಬಜೆಟ್‌ನಲ್ಲಿ. ವಾರಕ್ಕೆರಡು ವಿಮಾನ ಬರುವ ಪಟ್ಟಿಯನ್ನು ಉಳಿದ ಐದು ದಿನ ನಮ್ಮೂರು ಸುಮ್ಮನೆ ಬಿಡುತ್ತದೆ ಎಂದುಕೊಂಡಿದ್ದೀರಾ? ಬೆಳಿಗ್ಗೆ ವಾಕಿಂಗ್, ಮಧ್ಯಾಹ್ನ ಕಾರು ಕಲಿಯುವವರು, ಸಂಜೆ ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಮೆಂಟು, ಬಿಸಿಲು ಚೆನ್ನಾಗಿದ್ದರೆ ಅಡಿಕೆ. ಅಷ್ಟು ಚೆಂದದ ಅಂಗಳ ಇನ್ನೆಲ್ಲಿ ಸಿಗುತ್ತದೆ! ಜತೆಗೆ ಹಿಂಡು ಹಿಂಡು ನವಿಲು.

ನಾನು ಏರ್‌ಸ್ಟ್ರಿಪ್ ವಿರೋಧಿ ಅಲ್ಲ. ಮಣಿಪಾಲದಂಥ ಆಸ್ಪತ್ರೆಗಳ ಊರಿಗೆ ಏರ್ ಆಂಬುಲೆನ್ಸ್ ಇಳಿಯುವ ಜಾಗ ಹತ್ತಿರದಲ್ಲೇ ಇದ್ದರೆ ಜೀವ ಉಳಿದೀತು. ಈ ಮಾತನ್ನು ಒಪ್ಪದವನು ಮೂರ್ಖ. ನನ್ನ ತಕರಾರು ಬೇಡಿಕೆಯ ಅನುಕ್ರಮದ ಬಗ್ಗೆ. ನಾವು ಡಾಮರು ಕೇಳುತ್ತೇವೆ, ಬೇಲಿ ಕೇಳುವುದಿಲ್ಲ. ಪಟ್ಟಿ ಕೇಳುತ್ತೇವೆ, ಪಟ್ಟಿಯ ಮೇಲೆ ಕಣ್ಣಿಡುವ ಮನುಷ್ಯನಿಗೆ ಸಂಬಳ ಕೇಳುವುದಿಲ್ಲ. ಡಾಮರಿಗೆ ಉದ್ಘಾಟನೆ ಇದೆ, ಹಳದಿ ಗೆರೆಗೆ ವರ್ಷ ವರ್ಷ ಬಣ್ಣ ಹಚ್ಚುವುದಕ್ಕೆ ರಿಬ್ಬನ್ ಇಲ್ಲ.

ಇಷ್ಟರ ಮೇಲೂ ಏನಾದರೂ ಆದರೆ ನಮ್ಮ ಬಳಿ ಸಿದ್ಧ ಉತ್ತರ ಇದೆ: ಪೈಲಟ್ ತಪ್ಪು. 2010ರ ದುರಂತದ ಬಗ್ಗೆ ಯಾವ ಹೋಟೆಲಿನಲ್ಲಿ ಕೇಳಿದರೂ ‘ಕ್ಯಾಪ್ಟನ್ ನಿದ್ದೆ ಮಾಡಿದ್ದನಂತೆ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಹೌದು, ದುರಂತದ ತನಿಖೆ ಮಾಡಿದ ಗೋಖಲೆ ಸಮಿತಿಯ ವರದಿಯಲ್ಲಿ ಆ ನಿದ್ದೆಯೂ ಇದೆ, ಸಹಪೈಲಟ್ ಮತ್ತೆ ಮೇಲೇರೋಣ ಎಂದು ಮೂರು ಸಲ ಹೇಳಿದ್ದೂ ಇದೆ. ಕ್ಯಾಪ್ಟನ್ ಕೇಳಲಿಲ್ಲ, ಅದೇ ಮುಖ್ಯ ಕಾರಣ. ಆದರೆ ಬಜ್ಪೆಯ ರೇಡಾರ್ ಎರಡು ದಿನ ಮೊದಲೇ, ಮೇ 20ರಿಂದ ಕೆಟ್ಟು ಕೂತಿತ್ತು ಎಂಬುದೂ ಅದೇ ವರದಿಯಲ್ಲಿದೆ. ಅದು ಹೋಟೆಲಿನ ಮಾತಿಗೆ ಬರುವುದಿಲ್ಲ. 2024ರ ಜೂನ್ 8ರಂದು ಮುಂಬೈಯಲ್ಲಿ ಒಂದು ವಿಮಾನ ಇನ್ನೂ ಏರುತ್ತಿರುವಾಗಲೇ ಅದೇ ರನ್‌ವೇಗೆ ಇನ್ನೊಂದು ಇಳಿಯಿತು. ವಿಡಿಯೋ ಊರೆಲ್ಲ ತಿರುಗಿತು, ಒಬ್ಬ ಕಂಟ್ರೋಲರ್‌ರನ್ನು ಕೆಲಸದಿಂದ ಸರಿಸಿದರು, ಜನಕ್ಕೆ ಸಮಾಧಾನವಾಯಿತು. ಮನುಷ್ಯ ಮರೆಯುತ್ತಾನೆ, ತಪ್ಪು ಕೇಳಿಸಿಕೊಳ್ಳುತ್ತಾನೆ, ದಣಿಯುತ್ತಾನೆ. ಅದಕ್ಕೆಂದೇ ಗೆರೆ, ದೀಪ, ರೇಡಾರ್, ಬೇಲಿ, ಒಪ್ಪಿಸುವ ಪದ್ಧತಿ ಎಂದು ಒಂದರ ಹಿಂದೊಂದು ತಡೆ ಕಟ್ಟಿರುವುದು. ಒಬ್ಬನನ್ನು ಬೈದು ಮುಗಿಸಿದರೆ ಉಳಿದ ತಡೆಗಳು ಯಾಕೆ ಇರಲಿಲ್ಲ ಎಂದು ಕೇಳುವವರೇ ಇಲ್ಲವಾಗುತ್ತಾರೆ.

ಈ ಉದಾಸೀನ ನಾವು ವಿಮಾನದಲ್ಲಿ ಕಲಿತದ್ದೂ ಅಲ್ಲ. ಹೆದ್ದಾರಿ 66ರಲ್ಲಿ ಕಾಪು ಪೇಟೆಯ ಹತ್ತಿರ ಅರ್ಧ ಗಂಟೆ ನಿಂತು ನೋಡಿ. ತಿರುಗುವ ಜಾಗ ಸ್ವಲ್ಪ ಮುಂದಿದೆ ಎಂಬ ಕಾರಣಕ್ಕೆ ಸ್ಕೂಟರು, ರಿಕ್ಷಾ, ಕೆಲವೊಮ್ಮೆ ಟೆಂಪೋ ಕೂಡ ಎದುರು ದಿಕ್ಕಿನಲ್ಲೇ ಬರುತ್ತವೆ. ಕೇಳಿದರೆ ‘ಇಷ್ಟೇ ದೂರ ಅಲ್ವಾ’ ಎನ್ನುತ್ತಾರೆ. ಲಿನಾಟೆಯ ಸೆಸ್ನಾ ಕೂಡ ಹೆಚ್ಚು ದೂರ ಹೋಗಿರಲಿಲ್ಲ.

ಹೇಳಿದ ಮಾತು ಕೇಳಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2024ರ ಜನವರಿ 2ರ ಸಂಜೆ ಟೋಕಿಯೋದ ಹನೇಡಾದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್‌ನ ಎ350 ವಿಮಾನ, ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯಲಿದ್ದ ಕರಾವಳಿ ರಕ್ಷಣಾ ಪಡೆಯ ಸಣ್ಣ ವಿಮಾನಕ್ಕೆ ಡಿಕ್ಕಿಯಾಯಿತು. ‘ನಂಬರ್ ಒನ್’ ಎಂದು ಟವರ್ ಹೇಳಿದ್ದನ್ನು ರನ್‌ವೇಗೆ ಬರುವ ಅಪ್ಪಣೆಯೆಂದು ತಿಳಿದು ಅದು ಬಂದು ಸುಮಾರು 40 ಸೆಕೆಂಡು ನಿಂತಿತ್ತು. ಟವರಿನ ಪರದೆಯಲ್ಲಿ ಎಚ್ಚರಿಕೆ ಮೂಡಿತ್ತು, ಯಾರ ಕಣ್ಣಿಗೂ ಬೀಳಲಿಲ್ಲ. ಸಣ್ಣ ವಿಮಾನದ ಆರು ಜನರಲ್ಲಿ ಐವರು ಸತ್ತರು. ದೊಡ್ಡದು ಹೊತ್ತಿ ಉರಿಯಿತು, ಆದರೂ ಅದರೊಳಗಿದ್ದ 379 ಜನರೂ ಜೀವಂತ ಹೊರಬಂದರು. ಸಿಬ್ಬಂದಿ ಹೇಳುವವರೆಗೆ ಅವರು ಕೂತಿದ್ದರು. ಹೇಳಿದ ಮೇಲೆ ಬ್ಯಾಗು ಬಿಟ್ಟು ಎದ್ದರು.

ಮುಂದಿನ ಸಲ ಬಜ್ಪೆಯಲ್ಲಿ ಇಳಿದಾಗ ಬೆಲ್ಟ್ ದೀಪ ಆರುವವರೆಗೆ ಕೂತಿರಿ, ಕಟೀಲಿನ ದಾರಿಯಲ್ಲಿ ಆ ಐದು ನಿಮಿಷ ಹೇಗೂ ಸರಿಹೋಗುತ್ತದೆ. ಹೊರಡುವಾಗ ಕಿಟಕಿಯ ಸೀಟು ಸಿಕ್ಕಿದರೆ ರನ್‌ವೇಗೆ ಸ್ವಲ್ಪ ಮುಂಚೆ ಕೆಳಗೆ ನೋಡಿ. ನಾಲ್ಕು ಹಳದಿ ಗೆರೆ ಕಾಣುತ್ತದೆ. ವಿಮಾನ ಅಲ್ಲಿ ನಿಂತೇ ಇದ್ದರೆ ದಯವಿಟ್ಟು ‘ಇನ್ನೂ ಎಂಥ ಲೇಟ್’ ಎಂದು ಗೊಣಗಬೇಡಿ.